ಕತೆ ಹಿಡಿಸಿತು, ಇನ್‌ಸ್ಪೆಕ್ಟರ್ ಮಾತು ಒಪ್ಪಲಿಲ್ಲ

ಗಂಡನನ್ನು ಕೃಷಿ ಹೊಂಡಕ್ಕೆ ತಳ್ಳಿ, ಕಾಲು ಜಾರಿ ಬಿದ್ದ ಅಂತ ಊರನ್ನೇ ನಂಬಿಸುವ ಹೆಂಡತಿ ಮತ್ತು ಅವಳ ಗೆಳೆಯನ ಬಗ್ಗೆ ನೀವು ಬರೆದ ಕತೆ ಒಂದೇ ಉಸಿರಿಗೆ ಓದಿಸಿಕೊಂಡಿತು. ನಾನು ಕೋಲಾರದವಳು. ನಮ್ಮ ಟೊಮೆಟೊ ಮಂಡಿ ತುಂಬಾ ಚೆನ್ನಾಗಿ ಬಂದಿದೆ ಸಾರ್. 15 ಕೆಜಿ ಬಾಕ್ಸ್‌ಗಳ ಸಾಲು, ಹರಾಜಿನ ಕೂಗು, ಅದರ ನಡುವೆ ಗಂಡ ಫೋನ್ ಮಾಡಿದರೆ ಅವಳು ಎತ್ತುವುದೇ ಇಲ್ಲ. ಅಲ್ಲೇ ಎದೆ ಧಸಕ್ಕೆಂದಿತು. ಹೊಂಡದ ಪ್ಲಾಸ್ಟಿಕ್ ಹಾಳೆಯ ಮೇಲೆ ಉಳಿದ ಉಗುರಿನ ಗೀರು ಇದೆಯಲ್ಲ, ಆ ಒಂದು ಸಾಲು ಸಾಕು. ಹಾಳೆ ಪಾಚಿ ಕಟ್ಟಿದರೆ ಈಜು ಬಲ್ಲವರಿಗೂ ಹತ್ತಿ ಬರುವುದು ಕಷ್ಟ.

ಆದರೆ ಇನ್‌ಸ್ಪೆಕ್ಟರ್ ಅವಳಿಗೆ "ವ್ಯಭಿಚಾರದ ಕೇಸ್ ಜಡಿದು ಒಳಗೆ ಹಾಕ್ತೀನಿ" ಅನ್ನುತ್ತಾನೆ. ಕತೆ ನಡೆಯುವುದು ಈಗಿನ ಕಾಲದಲ್ಲಿ, ಅಲ್ವಾ? ವ್ಯಭಿಚಾರವನ್ನು ಅಪರಾಧ ಅನ್ನುತ್ತಿದ್ದ ಐಪಿಸಿ 497ನೇ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2018ರಲ್ಲೇ ರದ್ದು ಮಾಡಿದೆ. ಅದು ಇದ್ದಾಗಲೂ ಶಿಕ್ಷೆ ಗಂಡಸಿಗೆ ಮಾತ್ರ, ಹೆಂಡತಿಗಲ್ಲ. ಅವಳ ಮೇಲೆ ಬೀಳಬೇಕಾದ್ದು ಕೊಲೆ ಕೇಸು. ದಯವಿಟ್ಟು ತಿದ್ದಿ.

ಇನ್ನೊಂದು, ಸತ್ತವನ ತಾಯಿ ಎರಡೇ ಸಾಲಿಗೆ ಬಂದು ಹೋಗುತ್ತಾರೆ. ಮಗ ರಾತ್ರಿ ಹೊತ್ತು ಹೊಂಡದ ಕಡೆ ಹೋಗುವವನೇ ಅಲ್ಲ ಅಂತ ಮೊದಲು ಹೇಳಿದ್ದೇ ಆಯಮ್ಮ. ಅವರನ್ನು ಇನ್ನೂ ಜಾಸ್ತಿ ಮಾತಾಡಿಸಬೇಕಿತ್ತು.