ಹೀಟ್ ಪಂಪಿನ ನೀರಿಗೆ ವಾರಸುದಾರರಿಲ್ಲ

ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನೇ ಎಳೆದು ಮನೆಯೊಳಗೆ ತರುವ ಮಷೀನಿಗೆ ಹೀಟ್ ಪಂಪ್ ಅಂತಾರೆ. ಅದನ್ನು ಹಾಕಿಸುವಾಗ ಬಿಸಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಹವೆ ತೀರಾ ಕೊರೆಯದಿದ್ದರೆ 1 ಯೂನಿಟ್ ಕರೆಂಟ್ ತಿಂದು 3 ಯೂನಿಟ್ ಬಿಸಿ ಕೊಡುತ್ತೆ ಅಂತ ಕಣ್ಣರಳಿಸಿ ಹೇಳುತ್ತಾರೆ. ಅದೇನೂ ಸುಳ್ಳಲ್ಲ. ಆದರೆ ನೀರಿನ ಬಗ್ಗೆ ಒಬ್ಬರೂ ಬಾಯಿ ಬಿಡುವುದಿಲ್ಲ.

ಚಳಿ ಶುರುವಾದ ಮೇಲೆ ನಮ್ಮ ಮನೆಯ ಹಿಂದೆ, ಮಷೀನಿನ ಕೆಳಗೆ, ಗೋಡೆಗೆ ಅಂಟಿಕೊಂಡಂತೆ ಒಂದು ಹೊಂಡ ಕಾಣಿಸಿಕೊಂಡಿತು. ಪೈಪ್ ಒಡೆದಿದೆ ಅಂದಳು ಹೆಂಡತಿ. ಗ್ಯಾಸ್ ಸೋರುತ್ತಿದೆ ಅಂದರು ಪಕ್ಕದ ಮನೆಯವರು. ಗ್ಯಾಸ್ ಸೋರಿದರೆ ಹೊಂಡ ಹೇಗಾಗುತ್ತೆ ಅಂತ ಕೇಳುವಷ್ಟು ಧೈರ್ಯ ನನಗಿರಲಿಲ್ಲ. ಮಗ ಮಾತ್ರ, "ಅದು ಬೆವರುತ್ತಿದೆ ಅಪ್ಪ" ಅಂದ. ಎಲ್ಲರಿಗಿಂತ ಸತ್ಯಕ್ಕೆ ಹತ್ತಿರ ಇದ್ದವನು ಅವನೇ.

ಮನೆ ಬೆಚ್ಚಗಿಡಬೇಕಾದರೆ ಹೊರಗಿನ ಕಾಯಿಲ್, ಅಂದರೆ ಮಷೀನಿನ ಗ್ಯಾಸ್ ಹರಿಯುವ ಕೊಳವೆಗಳ ಸುರುಳಿ, ಹೊರಗಿನ ಗಾಳಿಗಿಂತಲೂ ತಣ್ಣಗಿರಬೇಕು. ಗಾಳಿಯಲ್ಲಿರುವ ತೇವ ಬಂದು ಅದರ ಮೇಲೆ ಕೂರುತ್ತೆ, ಹೆಪ್ಪುಗಟ್ಟುತ್ತೆ. ಹೊರಗೆ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಮೇಲಿದ್ದರೂ ಇದು ತಪ್ಪಿದ್ದಲ್ಲ. ಹಿಮ ಜಾಸ್ತಿಯಾದಾಗ ಮಷೀನ್ ತಾನೇ ಉಲ್ಟಾ ತಿರುಗುತ್ತೆ. ಫ್ಯಾನ್ ನಿಲ್ಲಿಸಿ, ಮನೆಯೊಳಗಿನ ಬಿಸಿಯನ್ನೇ ಕೆಲವು ನಿಮಿಷ ಹೊರಗಿನ ಕಾಯಿಲ್‌ಗೆ ಕಳಿಸಿ ಹಿಮ ಕರಗಿಸುತ್ತೆ. ಇದಕ್ಕೆ ಡಿಫ್ರಾಸ್ಟ್ ಅಂತಾರೆ. ನಾವು ದುಡ್ಡು ಕೊಟ್ಟು ಒಳಗೆ ತಂದ ಬಿಸಿ ಹೊರಗೆ ಸ್ನಾನಕ್ಕೆ ಹೋಗುತ್ತೆ ಅನ್ನಿ.

ಆ ಹೊತ್ತಿಗೆ ಮಷೀನಿನಿಂದ ದಪ್ಪಗೆ ಬಿಳಿ ಆವಿ ಏಳುತ್ತೆ. ಮೊದಲ ಸಲ ಅದನ್ನು ನೋಡಿದ ಪಕ್ಕದ ಮನೆಯವರು, "ಬೆಂಕಿ, ಬೆಂಕಿ" ಅಂತ ಬಕೆಟ್ ಹಿಡಿದು ಓಡಿ ಬಂದರು. ನಾನು ಬಾಗಿಲು ತೆಗೆಯುವಷ್ಟರಲ್ಲಿ ಅರ್ಧ ಬಕೆಟ್ ಸುರಿದಾಗಿತ್ತು. ಹೊಂಡಕ್ಕೆ ಅದೂ ಸೇರಿತು.

ಕೂರಿಸಿದವರಿಗೆ ಫೋನ್ ಮಾಡಿದೆ. "ನೀರು ಬರಲೇಬೇಕು ಸಾರ್, ಬರದಿದ್ದರೆ ಫೋನ್ ಮಾಡಿ" ಅಂದರು. ಕೆಳಗೆ ತೂತು ಬಿಟ್ಟಿರುವುದೇ ಅದಕ್ಕಂತೆ. ಸರಿ, ತೂತಿನಿಂದ ಬಿದ್ದ ನೀರು ಎಲ್ಲಿಗೆ ಹೋಗಬೇಕು? "ಅದು ಸಿವಿಲ್ ಕೆಲಸ ಸಾರ್." ಮನೆ ಕಟ್ಟಿದವರನ್ನು ಕೇಳಿದೆ. "ನಾನು ಇಳಿಜಾರು ಕೊಟ್ಟಿದ್ದು ಮಳೆ ನೀರಿಗೆ, ಮಷೀನ್ ನೀರಿಗಲ್ಲ" ಅಂದರು. ನೀರೇನು ಗುರುತಿನ ಚೀಟಿ ತೋರಿಸಿ ಹರಿಯುತ್ತಾ?

ಅಷ್ಟರಲ್ಲಿ ಮಗ ಮಷೀನಿನ ಕೆಳಗಿನ ಕಾಂಕ್ರೀಟ್ ಹಲಗೆ ಮೇಲೆ ಒಂದು ಗೋಲಿ ಇಟ್ಟ. ಅದು ಒಂದು ಕ್ಷಣ ನಿಂತು ಯೋಚನೆ ಮಾಡಿತು. ಆಮೇಲೆ ಮೆಲ್ಲಗೆ ಹೊರಳಿ ಸೀದಾ ಗೋಡೆಯ ಕಡೆ ಹೋಗಿ ಟಕ್ ಅಂತ ಹೊಡೆಯಿತು. ಎಲ್ಲಿಂದ ಬಿಟ್ಟರೂ ಅಲ್ಲಿಗೇ. ಪಾಯ ತೋಡಿ ಮತ್ತೆ ತುಂಬಿದ ಮಣ್ಣು ಸಡಿಲವಾಗಿರುತ್ತೆ, ವರ್ಷಗಳು ಕಳೆದಂತೆ ಕುಸಿಯುತ್ತೆ. ಅದರ ಮೇಲಿನ ಹಲಗೆಯೂ ಮನೆಯ ಕಡೆಗೇ ವಾಲುತ್ತೆ. ಆ ನೀರು ಗೋಡೆಯ ಬಿರುಕಿಗೆ ಇಳಿದು ಹೆಪ್ಪುಗಟ್ಟಿದರೆ ಸುಮಾರು 9% ಉಬ್ಬುತ್ತೆ, ಬಿರುಕನ್ನು ಇನ್ನಷ್ಟು ಅಗಲ ಮಾಡುತ್ತೆ. ನಮ್ಮ ನೆಲಮಾಳಿಗೆಯ ಗೋಡೆ ಮೇಲೆ ಆಗಲೇ ಬಿಳಿ ಉಪ್ಪಿನ ಪುಡಿ ಎದ್ದಿತ್ತು.

ಆಗ ಮಾವ ರಂಗಕ್ಕೆ ಇಳಿದರು. ಮಾವನ ಬಳಿ ಎಲ್ಲ ಸಮಸ್ಯೆಗೂ ಒಂದು ತುಂಡು ಪೈಪ್ ಇರುತ್ತೆ. ತೂತಿಗೆ ಪೈಪ್ ಸಿಕ್ಕಿಸಿ, ಎರಡು ಕಡೆ ಟೇಪ್ ಸುತ್ತಿ, "ಇನ್ನು ನಿಶ್ಚಿಂತೆಯಿಂದ ಮಲಗು" ಅಂದರು. ರಾತ್ರಿ ಪೈಪಿನೊಳಗೇ ನೀರು ಗಟ್ಟಿಯಾಯಿತು. ಹಿಂದಿನಿಂದ ಬಂದ ನೀರಿಗೆ ದಾರಿ ಇಲ್ಲದೆ ಮಷೀನಿನ ತಳದಲ್ಲೇ ಮಂಜುಗಡ್ಡೆ ಬೆಳೆಯುತ್ತಾ ಹೋಗಿ ಬೆಳಗ್ಗೆ ಫ್ಯಾನಿನ ರೆಕ್ಕೆಗೆ ತಾಗಿತು. ಕಟಕಟ ಸದ್ದಿಗೆ ಬೀದಿಯೇ ಎದ್ದಿತು. ಮಷೀನ್ ಆಫ್ ಮಾಡಿ, ಬೆಚ್ಚಗಿನ ನೀರು ಸುರಿದು ಕರಗಿಸಿದೆವು. ಹೊಂಡ ಮತ್ತಷ್ಟು ದೊಡ್ಡದಾಯಿತು. ಪೈಪ್ ಹಾಕುವುದಾದರೆ ಅದರ ಜೊತೆ ಬೆಚ್ಚಗಿಡುವ ಹೀಟರ್ ಕೇಬಲ್ಲೂ ಬೇಕು ಅಂತ ಆಮೇಲೆ ಗೊತ್ತಾಯಿತು. ಮಾವ ಮಾತ್ರ, ಪೈಪ್ ಅಗಲ ಸಾಲದಾಯಿತು ಅಂತ ಈಗಲೂ ವಾದಿಸುತ್ತಾರೆ.

ಕೊನೆಗೆ ಆದ ಕೆಲಸ ಇಷ್ಟೇ. ಮಷೀನನ್ನು ಗೋಡೆಯಿಂದ ಇನ್ನಷ್ಟು ದೂರ ಸರಿಸಿ, ಎತ್ತರದ ಸ್ಟ್ಯಾಂಡ್ ಮೇಲೆ ಕೂರಿಸಿದೆವು. ಕೆಳಗೆ ಗುಂಡಿ ತೋಡಿ ಜಲ್ಲಿ ತುಂಬಿಸಿದೆವು. ಗೋಡೆಯ ಪಕ್ಕ ಜೇಡಿಮಣ್ಣು ಬಡಿದು, ಮನೆಯಿಂದ ಹೊರಕ್ಕೆ 10 ಅಡಿಗೆ 6 ಇಂಚು ಇಳಿಜಾರು ಕೊಟ್ಟೆವು. ಮಗ ಗೋಲಿ ಬಿಟ್ಟು ಪರೀಕ್ಷೆ ಮಾಡಿ ಪಾಸ್ ಮಾಡಿದ.

ಬೇಸಿಗೆಯಲ್ಲಿ ನೀರು ಜಾಗ ಬದಲಾಯಿಸುತ್ತೆ. ಇದೇ ಮಷೀನ್ ಮನೆ ತಂಪು ಮಾಡುವಾಗ ತಣ್ಣಗಾಗುವುದು ಒಳಗಿನ ಕಾಯಿಲ್ ಅಲ್ವಾ? ನೀರೂ ಅಲ್ಲೇ, ಸಣ್ಣ ಪೈಪಿನಲ್ಲಿ ಹೊರಗೆ ಬರುತ್ತೆ. ನಮ್ಮ ಪೈಪನ್ನು ಸರಿಯಾಗಿ ಪಾಯದ ಮೂಲೆಗೇ ತಂದು ಬಿಟ್ಟಿದ್ದರು. ಅದನ್ನೂ ಉದ್ದ ಮಾಡಿಸಿದ್ದಾಯಿತು. ಆ ಪೈಪಿನಲ್ಲಿ ಪಾಚಿ ಕಟ್ಟುತ್ತೆ, ಆಗಾಗ ತೊಳೆಯದಿದ್ದರೆ ಒಳಗಿನ ಗೋಡೆ ನೆನೆಯುತ್ತೆ. ಇದು ಮಳೆ ನೀರಿಗಿಂತ ಶುದ್ಧ ಅಂತ ಮಾವ ಲೋಟ ಹಿಡಿದು ಹೊರಟಿದ್ದರು. ಕಾಯಿಲ್ ಮೇಲಿನ ಧೂಳು, ಬೂಸ್ಟು ಎಲ್ಲ ಅದರಲ್ಲೇ ಇರುತ್ತೆ ಅಂತ ತಡೆದು, ಹೂಗಿಡಗಳಿಗೆ ಹಾಕಿಸಿದೆವು.

ಪಕ್ಕದ ಮನೆಯವರೂ ಮೊನ್ನೆ ಹೀಟ್ ಪಂಪ್ ಹಾಕಿಸಿದರು. ಬರೀ ಬಿಸಿಯ ಬಗ್ಗೆ ಮಾತಾಡಬೇಡಿ, ನೀರಿನ ಬಗ್ಗೆ ಮೊದಲೇ ಕೇಳಿ ಅಂತ ನಾನೇ ಬುದ್ಧಿ ಹೇಳಿದ್ದೆ. ಕೇಳಿದ್ದಾರೆ. ಸ್ಟ್ಯಾಂಡ್ ಎತ್ತರವಿದೆ, ಜಲ್ಲಿ ಇದೆ, ಇಳಿಜಾರೂ 10 ಅಡಿಗೆ 6 ಇಂಚು ಲೆಕ್ಕದಲ್ಲೇ ಇದೆ. ನಮ್ಮ ಮನೆ ಕಡೆಗೆ.