ಸತ್ಯಾಂಶ: ಶಾಟ್ಲಿ ಬ್ರಿಡ್ಜ್‌ನ ಕತ್ತಿಗಳು ಒಳಗೆ ಟೊಳ್ಳಲ್ಲ
ಇಂಗ್ಲೆಂಡಿನ ಡರ್ಹಮ್ ಪ್ರಾಂತ್ಯದ ಶಾಟ್ಲಿ ಬ್ರಿಡ್ಜ್ ಹಳ್ಳಿಯಲ್ಲಿ ಜರ್ಮನ್ ವಲಸಿಗರು ಕೊಳವೆಯಂಥ ಟೊಳ್ಳು ಕತ್ತಿಗಳನ್ನು ಮಾಡುತ್ತಿದ್ದರು ಎಂಬ ಸಂದೇಶ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಅದು ಸರಿಯಲ್ಲ.

ಸೋಲಿಂಗೆನ್ ಪಟ್ಟಣದ ಈ ಕುಟುಂಬಗಳು ಅಲ್ಲಿಗೆ ಬಂದದ್ದು ಸುಮಾರು 1687ರಲ್ಲಿ. ಅವರು ಬಲ್ಲ ವಿದ್ಯೆಯೇ ಬೇರೆ. ಅಲಗಿಗೆ ಮೂರು ಮುಖ. ಪ್ರತಿ ಮುಖವನ್ನೂ ಸಾಣೆಕಲ್ಲಿಗೆ ಹಿಡಿದು, ಉದ್ದಕ್ಕೂ ತಗ್ಗು ಬೀಳುವಂತೆ ಮಸೆಯುತ್ತಿದ್ದರು. ತೂಕ ಇಳಿಯುತ್ತಿತ್ತು, ಬಿಗಿ ಉಳಿಯುತ್ತಿತ್ತು, ಇರಿಯುವ ಕೈಗೆ ಹಗುರವಾಗುತ್ತಿತ್ತು. ಸಾಣೆ ತಿರುಗಿಸಲು ಡರ್ವೆಂಟ್ ನದಿಯ ನೀರಿತ್ತು. ‘ಟೊಳ್ಳು’ ಎಂಬ ಹೆಸರು ಬಂದದ್ದು ಆ ತಗ್ಗಿನಿಂದ. ಇಷ್ಟು ನಾಜೂಕಾದ ಕೈಕೆಲಸವನ್ನು ಕೊಳವೆ ಎನ್ನುವುದು ಆ ಕಸುಬುದಾರರಿಗೆ ಮಾಡುವ ಅನ್ಯಾಯ.

ಅವರ ಅಲಗುಗಳನ್ನು ಮಾರುತ್ತಿದ್ದ ಲಂಡನ್ ಕಂಪನಿಯ ಹೆಸರಿನಲ್ಲೂ ಈ ‘ಟೊಳ್ಳು’ ಎಂಬ ಪದವಿತ್ತು. ಮುಂದೆ ಅದು ಕತ್ತಿ ಬಿಟ್ಟು ಲೇವಾದೇವಿಗೆ ಇಳಿಯಿತು.