ರಾಜಕೀಯದಲ್ಲಿ ಮಧ್ಯಮ ನಿಲುವು ಬೇಕೇ?

ಪರ

ಮಧ್ಯಮ ನಿಲುವನ್ನು ಹೇಡಿತನವೆಂದು ಜರೆಯುವವರಲ್ಲಿ ಹೆಚ್ಚಿನವರು ತಾವೇ ಮಧ್ಯದಲ್ಲಿ ನಿಂತಿದ್ದೇವೆಂದು ನಂಬಿರುತ್ತಾರೆ. ಯಾವ ಪಕ್ಷದ ಕಟ್ಟಾಳೂ ತಾನು ಅತಿಗೆ ಹೋಗಿದ್ದೇನೆಂದು ಒಪ್ಪುವುದಿಲ್ಲ. ಅವನ ಲೆಕ್ಕದಲ್ಲಿ ಅತಿರೇಕವೆಲ್ಲ ಎದುರಿನವರದು, ತನ್ನದು ಬರೀ ನ್ಯಾಯ. 1951ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ತಂಡಗಳ ನಡುವೆ ನಡೆದ ಒರಟು ಫುಟ್‌ಬಾಲ್ ಪಂದ್ಯವೊಂದರ ಚಿತ್ರಸುರುಳಿಯನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿದಾಗ, ಡಾರ್ಟ್‌ಮತ್ ಆಟಗಾರರ ತಪ್ಪುಗಳು ಅವರದೇ ಕಾಲೇಜಿನವರಿಗೆ ಕಂಡದ್ದರ ಎರಡರಷ್ಟಕ್ಕೂ ಹೆಚ್ಚಾಗಿ ಪ್ರಿನ್ಸ್‌ಟನ್ನಿನವರಿಗೆ ಕಂಡವು. ನೋಡಿದ್ದು ಒಂದೇ ಚಿತ್ರ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಶ್ರೀನಿವಾಸಪುರ ತಾಲ್ಲೂಕಿನ ನಮ್ಮೂರಿನಲ್ಲಿ ನನಗೆ ಇಬ್ಬರು ಚಿಕ್ಕಪ್ಪಂದಿರು. ಒಬ್ಬೊಬ್ಬರದು ಒಂದೊಂದು ಪಕ್ಷ, ಮಾವಿನ ತೋಪು ಮಾತ್ರ ಅಕ್ಕಪಕ್ಕ. 2025ರ ಜೂನ್‌ನಲ್ಲಿ ತೋತಾಪುರಿ ಬೆಲೆ ನೆಲಕಚ್ಚಿ, ಅದೇ ಹೊತ್ತಿಗೆ ಚಿತ್ತೂರು ಜಿಲ್ಲಾಡಳಿತವು ಕರ್ನಾಟಕದ ಕಾಯಿ ಒಳಗೆ ಬರದಂತೆ ತಡೆದಾಗ, ಇಬ್ಬರ ಫಸಲೂ ಒಂದೇ ಟ್ರ್ಯಾಕ್ಟರಿನಲ್ಲಿ ಮಂಡಿಯಿಂದ ವಾಪಸು ಬಂತು. ದೊಡ್ಡವರು ತಪ್ಪೆಲ್ಲ ದೆಹಲಿಯದೆಂದರು, ಚಿಕ್ಕವರು ಬೆಂಗಳೂರಿನದೆಂದರು. ಮುಂದೆ ಎರಡೂವರೆ ಲಕ್ಷ ಟನ್‌ವರೆಗಿನ ಮಾವಿಗೆ ಬೆಲೆಯ ಕೊರತೆಯನ್ನು ಕೇಂದ್ರ ಮತ್ತು ರಾಜ್ಯ ಹಂಚಿಕೊಂಡು ತುಂಬಿಕೊಡುವುದೆಂದು ತೀರ್ಮಾನವಾದಾಗ, ಅದೇ ಬಾಯಿಗಳು ಆ ಹಣವೆಲ್ಲ ತಂತಮ್ಮ ಸರ್ಕಾರದ್ದೇ ಎಂದು ಸಾಧಿಸಿದವು. ನಡುಮನೆಯಲ್ಲಿ ಲಗ್ನಪತ್ರಿಕೆ ಬರೆಸುವ ದಿನವೂ ಈ ಜಗಳ ನಿಲ್ಲದೆ ಪುರೋಹಿತರು ಪಂಚಾಂಗ ಮಡಚಿಟ್ಟು ಕುಳಿತುಬಿಟ್ಟರು. ಇಬ್ಬರೂ ನನ್ನ ಕಡೆ ತಿರುಗಿ ಹೇಳಿದ್ದು ಒಂದೇ ಮಾತು: "ನಾನು ಪಕ್ಷ ನೋಡಿ ಮಾತಾಡೋನಲ್ಲಪ್ಪಾ." ಇಂಥ ಮನೆಯಲ್ಲಿ ನಡುವೆ ನಿಲ್ಲುವವನೊಬ್ಬನಿಲ್ಲದಿದ್ದರೆ ಮದುವೆಯೂ ನಡೆಯುವುದಿಲ್ಲ, ಮಾವೂ ಮಾರಾಟವಾಗುವುದಿಲ್ಲ.

ಹೋರಾಟವಿಲ್ಲದೆ ಬದಲಾವಣೆ ಎಲ್ಲಿಂದ ಬರುತ್ತದೆ ಎಂದು ಕೇಳುವವರಿದ್ದಾರೆ. ಬಸ್ಸಿನ ಗಾಜು ಒಡೆಯುವುದನ್ನೇ ಹೋರಾಟವೆಂದು ತಿಳಿದವರಿಗೆ ನಾನು ಉತ್ತರ ಕೊಡಲಾರೆ.

ವಿರೋಧ

ಈ ಕಡೆಗೆ ಬರೆಯಲು ಬೇರೆ ಯಾರೂ ಸಿಗದ ಕಾರಣ ಸರದಿ ನನ್ನದಾಗಿದೆ. ಸ್ವಭಾವದಿಂದ ನಾನೂ ಮೆತ್ತನೆಯವನೇ. ಆದರೂ ಗೌರಿಬಿದನೂರು ತಾಲ್ಲೂಕಿನವನಾಗಿ ವಿದುರಾಶ್ವತ್ಥವನ್ನು ಮರೆತು ಮಧ್ಯಮ ಮಾರ್ಗಕ್ಕೆ ಕೈಮುಗಿಯಲಾರೆ. 1938ರ ಏಪ್ರಿಲ್ 25ರಂದು ನಿಷೇಧವನ್ನು ಲೆಕ್ಕಿಸದೆ ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯ ಬಗ್ಗೆ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ತಾಳೆಯಾಗಲಿಲ್ಲ. ಅಂದಿನ ಆಡಳಿತದ ಕಣ್ಣಿಗೆ ಅವರೆಲ್ಲ ಅತಿಗೆ ಹೋದವರೇ. ಮಧ್ಯಮ ಮಾರ್ಗದ ಮಿತ್ರರು ಅಲ್ಲಿದ್ದಿದ್ದರೆ ಬಾವುಟವನ್ನು ಅರ್ಧ ಕಂಬದವರೆಗೆ ಏರಿಸೋಣವೆಂದು ಸಲಹೆ ಕೊಡುತ್ತಿದ್ದರೇನೋ.

ಬಳಿಕ ವಲ್ಲಭಭಾಯಿ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಂದಿಗೆ ಮಾತನಾಡಿದ ಮೇಲೆ, ಮೈಸೂರು ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದೆಂದು ಒಪ್ಪಂದವಾಯಿತು. ಅದು ರಾಜಿಯೇ, ಅಲ್ಲವೆನ್ನುವುದಿಲ್ಲ. ಆದರೆ ಬಾವುಟ ಹಿಡಿದು ಬಂದವರು ಮನೆಯಲ್ಲಿಯೇ ಕುಳಿತಿದ್ದರೆ ದಿವಾನರು ಯಾರೊಂದಿಗೆ, ಏತಕ್ಕಾಗಿ ರಾಜಿ ಮಾಡಿಕೊಳ್ಳುತ್ತಿದ್ದರು ಎಂಬುದನ್ನು ಪರವಾಗಿ ಬರೆದವರು ಹೇಳಲಿ.